ಮುಗಿಲಿನಲ್ಲಿ ನಿಂತುಹೋದ ಇಂಜಿನ್ನು

ಮನೆಯಲ್ಲಿ ಗದ್ದಲವಿದ್ದರೆ ನಮಗೆ ಸಿಟ್ಟು ಬರುತ್ತದೆ. ಆದರೆ ನಡೆದಿದ್ದ ಗದ್ದಲ ಥಟ್ಟನೆ ನಿಂತರೆ ಸಿಟ್ಟಲ್ಲ, ಭಯ ಬರುತ್ತದೆ. ಹಿತ್ತಲಲ್ಲಿ ಆಡುತ್ತಿದ್ದ ಕೂಸಿನ ಸಪ್ಪಳ ನಿಂತರೆ ನಾವು ಹಿಟ್ಟಿನ ಕೈಯಲ್ಲೇ ಓಡುತ್ತೇವಲ್ಲ, ಹಾಗೆ. ಈಚೆಗೆ ನನಗೆ ಇನ್ನೊಂದು ಸಪ್ಪಳ ನಿಲ್ಲುವ ಭಯ ಅಂಟಿಕೊಂಡಿತ್ತು. ಅದು ನನ್ನ ಮಗ ಹಾರಿಸುವ ಪುಟ್ಟ ವಿಮಾನದ ಇಂಜಿನ್ನಿನ ಸಪ್ಪಳ.

‘ಅಡಿಗೆ, ಹೊಲಿಗೆ ಬಿಟ್ಟು ಇವಳೇನು ವಿಮಾನದ ಕಥೆ ತೆಗೆದಳು’ ಎಂದು ಓದುಗ ಸೋದರಿಯರು ಹುಬ್ಬೇರಿಸಬಹುದು. ನಾನೂ ಹಾಗೇ ಇದ್ದವಳು. ಸ್ಕೂಟರಿಗೆ ಪೆಟ್ರೋಲು ಹಾಕಿಸುವುದರ ಆಚೆ ಇಂಜಿನ್ನಿನ ವಿಚಾರ ನನಗೆ ಗೊತ್ತಿರಲಿಲ್ಲ. ಆದರೆ ಸಂಸಾರವೆಂಬುದು ಯಾರಿಗೆ ಯಾವಾಗ ಯಾವ ಪಾಠ ಇಡುತ್ತದೆಯೋ ಹೇಳಲಾಗದು.

ನಮ್ಮ ಮನೆ ವಿಜಯಪುರದಲ್ಲಿ, ಆಶ್ರಮ ರೋಡಿನ ಬಳಿ. ನನ್ನ ತವರು ತಿಕೋಟಾ. ಅಲ್ಲಿ ನನ್ನ ಅಣ್ಣನಿಗೆ ದ್ರಾಕ್ಷಿ ತೋಟವಿದೆ. ಗಂಡನ ಮನೆಯ ಮೂಲ ಬಬಲೇಶ್ವರ. ನಮ್ಮವರು 2021ರ ಬೇಸಿಗೆಯಲ್ಲಿ ತೀರಿಕೊಂಡರು. ಆ ಬೇಸಿಗೆ ಎಷ್ಟು ಮನೆಗಳನ್ನು ಹೀಗೇ ಖಾಲಿ ಮಾಡಿತೆಂಬುದು ನಿಮಗೂ ಗೊತ್ತಿದ್ದದ್ದೇ, ಹೆಚ್ಚು ಬರೆಯುವುದಿಲ್ಲ. ಆಗ ಮಗನಿಗೆ ಹದಿನಾಲ್ಕು. ಅಂದಿನಿಂದ ಅವನು ಮಾತು ಕಡಿಮೆ ಮಾಡಿದ. ಕರೆದರೆ ಬರುತ್ತಿದ್ದ, ಬಡಿಸಿದರೆ ಉಣ್ಣುತ್ತಿದ್ದ, ಅಷ್ಟೆ.

2023ರ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಅವರ ಹಳೇ ತಗಡಿನ ಪೆಟ್ಟಿಗೆ ಕೆಳಗಿಳಿಯಿತು. ನಮ್ಮವರು ಕಾಲೇಜಿನಲ್ಲಿ ಎನ್.ಸಿ.ಸಿ. ವಾಯು ವಿಭಾಗದ ಕೆಡೆಟ್ ಆಗಿದ್ದರು. ಎನ್.ಸಿ.ಸಿ. ಶುರುವಾದದ್ದು 1948ರಲ್ಲಿ, ವಾಯು ವಿಭಾಗ ಸೇರಿದ್ದು 1950ರಲ್ಲಿ. ಅಲ್ಲಿ ಹುಡುಗರಿಗೆ ಮಾದರಿ ವಿಮಾನ ಕಟ್ಟುವುದನ್ನೂ ಹಾರಿಸುವುದನ್ನೂ ಕಲಿಸುತ್ತಾರೆ. ಪೆಟ್ಟಿಗೆಯಲ್ಲಿ ಹಳೇ ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದು ಇಂಜಿನ್ನು, ಅಂಗೈಯಷ್ಟು ದೊಡ್ಡದು. ಜೊತೆಗೊಂದು ಪ್ಲಾಸ್ಟಿಕ್ಕಿನ ಸಣ್ಣ ಟಾಕಿ. ಟಾಕಿಯ ಬಾಯಿಗೆ ಪಟ್ಟಿ ಅಂಟಿಸಿ, ಅದರ ಮೇಲೆ ಅವರ ಕೈಬರಹದಲ್ಲಿ ‘14-2-98’ ಎಂದು ಬರೆದಿತ್ತು. ನಾನು ಆ ಅಂಕಿಗಳನ್ನು ನೋಡುತ್ತ ಕೂತೆ. ಮಗ ಇಂಜಿನ್ನನ್ನು ಕೈಗೆ ತೆಗೆದುಕೊಂಡು, “ಅವ್ವಾ, ಇದನ್ನ ನಾ ಚಾಲೂ ಮಾಡ್ತೀನಿ” ಅಂದ. ಎರಡು ವರ್ಷದಲ್ಲಿ ತಾನಾಗಿ ಆಡಿದ ಮೊದಲನೇ ಮಾತು ಅದು ಅನ್ನಿಸಿತು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಚಳಿಗಾಲವೆಲ್ಲ ಅವನು ಹಗುರ ಕಟ್ಟಿಗೆಯ ಪಟ್ಟಿ ಕೊರೆದು, ಅಂಟಿಸಿ, ಐದು ಫೂಟು ರೆಕ್ಕೆಯ ವಿಮಾನ ಕಟ್ಟಿದ. ರೇಡಿಯೋ ಸೆಟ್ಟು ಹೊಸದು ಬೇಕಾಯಿತು. ಅದಕ್ಕೆ ನನ್ನ ಒಣದ್ರಾಕ್ಷಿ ಮಾರಿದ ದುಡ್ಡು ಹೋಯಿತು. ಅಣ್ಣ ವರ್ಷಾ ನನಗೆಂದು ಒಂದಿಷ್ಟು ಒಣದ್ರಾಕ್ಷಿ ಕೊಡುತ್ತಾನೆ, ನಾನು ಅದನ್ನು ಪಾಕೀಟು ಮಾಡಿ ಮಾರುತ್ತೇನೆ. ಅದು ನನ್ನ ಸ್ವಂತದ ದುಡ್ಡು, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ.

ಇನ್ನು ಇಂಧನ. ಈ ಇಂಜಿನ್ನು ಪೆಟ್ರೋಲಿನದಲ್ಲ. ಮೆಥನಾಲ್ ಎಂಬ ಸ್ಪಿರಿಟ್ಟಿಗೆ ಐದರಲ್ಲಿ ಒಂದು ಪಾಲು ಔಡಲೆಣ್ಣೆ ಬೆರೆಸಿದ್ದು. ಹೌದು, ನಾವು ನೆತ್ತಿಗೆ ಹಚ್ಚುವ ಔಡಲೆಣ್ಣೆಯೇ. ಇಂಜಿನ್ನಿಗೆಂದು ಶುದ್ಧ ಮಾಡಿದ್ದು. ಎಣ್ಣೆ ಒಳಗಿನ ಭಾಗಗಳು ಸವೆಯದಂತೆ, ಕಾಯದಂತೆ ಕಾಯುತ್ತದೆ. ಮೊದಲನೇ ದಿವಸ ಅಂಗಳದಲ್ಲಿ ಹೊಗೆ ಎದ್ದಾಗ ನಮ್ಮ ಅತ್ತೆಯವರು ಮೂಗರಳಿಸಿ, “ಇದೇನವ್ವಾ, ಮನ್ಯಾಗ ಬಾಣಂತಿ ಅದಾಳೇನು, ಔಡಲೆಣ್ಣಿ ವಾಸನಿ ಬರಾಕತ್ತೇತಿ!” ಅಂದರು. ಮಗ ನಕ್ಕ. ಆ ನಗೆಗಾಗಿ ನಾನು ಇನ್ನೊಂದು ಪಾಕೀಟು ಒಣದ್ರಾಕ್ಷಿ ಮಾರಲು ತಯಾರಿದ್ದೆ.

ಇಂಜಿನ್ನಿನ ಕೆಲಸವನ್ನು ಮಗ ನನಗೆ ತಿಳಿಸಿ ಹೇಳಿದ. ನನಗೆ ತಿಳಿದಂತೆ ನಿಮಗೂ ಹೇಳುತ್ತೇನೆ. ಒಳಗಿನ ಜಾಗ ಆರೂವರೆ ಸಿ.ಸಿ., ಅಂದರೆ ಒಂದೂಕಾಲು ಚಹಾ ಚಮಚದಷ್ಟು. ಆದರೆ ಅದರ ಪಂಖ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ತಲೆಯ ಮೇಲೆ ಗ್ಲೋ ಪ್ಲಗ್ ಎಂಬ ಸಣ್ಣ ಬಿರಡೆ; ಅದರೊಳಗೆ ಪ್ಲಾಟಿನಂ ಬೆರೆತ ತಂತಿಯ ಸುರುಳಿ. ಅಮೆರಿಕದ ರೇ ಆರ್ಡನ್ ಎಂಬವರು 1947ರಲ್ಲಿ ಇದನ್ನು ಬಳಕೆಗೆ ತಂದರಂತೆ. ಮೊದಲು ಒಂದೂವರೆ ವೋಲ್ಟಿನ ಬ್ಯಾಟರಿ ಹಚ್ಚಿ ತಂತಿಯನ್ನು ಕೆಂಪಗೆ ಕಾಯಿಸಬೇಕು. ಇಂಜಿನ್ನು ಹೊತ್ತಿಕೊಂಡ ಮೇಲೆ ಬ್ಯಾಟರಿ ತೆಗೆದರೂ ಮೆಥನಾಲಿನ ಆವಿ ತಾಕುತ್ತಿರುವವರೆಗೆ ತಂತಿ ತಾನೇ ಕೆಂಪಗಿರುತ್ತದೆ. ಒಲೆಯಲ್ಲಿ ಕೆಂಡವಿದ್ದರೆ ಮತ್ತೆ ಕಡ್ಡಿ ಗೀರುವುದು ಬೇಡವಲ್ಲ, ಹಾಗೆ. ಟಾಕಿಯಿಂದ ಬರುವ ಎಣ್ಣೆಯನ್ನು ಹೆಚ್ಚು-ಕಡಿಮೆ ಮಾಡಲು ಒಂದು ಸೂಜಿ ಇದೆ. ಬಿಗಿ ಮಾಡಿದರೆ ಎಣ್ಣೆ ಕಡಿಮೆ, ಗಾಳಿ ಹೆಚ್ಚು. ಸಡಿಲ ಮಾಡಿದರೆ ಎಣ್ಣೆ ಹೆಚ್ಚು. ರೊಟ್ಟಿಯ ಹಿಟ್ಟಿಗೆ ಬಿಸಿನೀರು ಹಾಕುವಾಗಿನ ಹದ ಇದ್ದಂತೆಯೇ ಇದೂ ಒಂದು ಹದ.

2024ರ ಮಾರ್ಚಿನಲ್ಲಿ ಅವನ ಮೊದಲನೇ ವರ್ಷದ ಪಿ.ಯು.ಸಿ. ಪರೀಕ್ಷೆ ಮುಗಿದಿತ್ತು. ತಿಕೋಟಾದಲ್ಲಿ ಅಣ್ಣನ ಬಿಳಿಜೋಳ ಕೊಯ್ದು ರಾಶಿಯಾಗಿ, ಹೊಲ ಬಯಲಾಗಿತ್ತು. ಒಂದು ರವಿವಾರ ನಸುಕಿನಲ್ಲಿ, ಗಾಳಿ ಏಳುವ ಮುಂಚೆ ಹೊರಟೆವು. ಅಣ್ಣ, ಅತ್ತಿಗೆ, ತೋಟದ ಆಳುಗಳು ಎಲ್ಲರೂ ನೋಡಲು ನಿಂತರು. ವಿಮಾನ ಓಡಿತು, ನೆಲ ಬಿಟ್ಟಿತು, ಮೂಗೆತ್ತಿ ಮೇಲೇರಿತು. ನನ್ನ ಗಂಟಲು ಕಟ್ಟಿತು. ಅವರು ಇದ್ದಿದ್ದರೆ, ಎಂದುಕೊಳ್ಳುವಷ್ಟರಲ್ಲಿ ಸಪ್ಪಳ ಸಣ್ಣಗಾಗಿ, ಕಿರ್ರೆಂದು ಏರಿ, ನಿಂತುಹೋಯಿತು. ಆ ಬಯಲಿನ ತುಂಬ ಒಮ್ಮೆಲೇ ಮೌನ. ಮಗ ಗಾಬರಿಯಿಂದ ಮೂಗನ್ನು ಇನ್ನೂ ಮೇಲೆತ್ತಿದ. ವಿಮಾನ ಒಂದು ಕ್ಷಣ ನಿಂತಂತೆ ಮಾಡಿ, ಮಗ್ಗುಲಾಗಿ ಬಿದ್ದಿತು. ರೆಕ್ಕೆ ಮುರಿಯಿತು.

ಮತ್ತೆ ಎರಡು ವಾರ ಅಂಟು, ಪಟ್ಟಿ, ಕಾಗದ. ಎಣ್ಣೆ ಸಾಲದೆ ನಿಂತಿತೆಂದು ಮಗನ ಅಂದಾಜು. ಸೂಜಿಯನ್ನು ಸಡಿಲ ಮಾಡಿದ. ಮಾರ್ಚಿ ಕೊನೆಯಲ್ಲಿ ಮತ್ತೆ ಹೋದೆವು. ನೆಲದ ಮೇಲೆ ಬಿಳಿ ಹೊಗೆ ಬಿಡುತ್ತ ಗಟ್ಟಿಯಾಗಿ ಓಡಿತು. ಮೇಲೇರಿ ಅರ್ಧ ನಿಮಿಷವಾಗಿತ್ತೋ ಇಲ್ಲವೋ, ಅದೇ ಕಿರ್ರ್, ಅದೇ ಮೌನ. ಈ ಸಲ ಪಕ್ಕದವರ ದ್ರಾಕ್ಷಿ ಪಡಕದ ಮೇಲೆ ಇಳಿದು ತಂತಿಗೆ ಸಿಕ್ಕಿಬಿತ್ತು. ಕೊಯ್ಲಿಗೆ ಬಂದ ಗೊನೆಗಳು, ನಾಲ್ಕಾರು ಉದುರಿದವು. ಅವರು ಅಣ್ಣನ ಮುಖ ನೋಡಿ ಬಾಯಿಬಿಡಲಿಲ್ಲ, ಆದರೆ ನನಗೆ ನಾಚಿಕೆಯಾಯಿತು.

ಮನೆಗೆ ಬಂದಾಗ ಅತ್ತೆಯವರು ಮುರಿದ ವಿಮಾನ ನೋಡಿದರು. “ಸಾಕು ಮಾಡಪ್ಪಾ. ನಿಮ್ಮಪ್ಪನ ಸಾಮಾನು ಅದು. ಮುರದು ಮುರದು ಕಳೀಬ್ಯಾಡ. ಪೆಟಿಗ್ಯಾಗ ಇಟ್ಟುಬಿಡು” ಅಂದರು. ಅವರಿಗೂ ಅದು ಮಗನ ಸಾಮಾನು ಅಲ್ಲವೇ? ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮಗ ಏನೂ ಅನ್ನಲಿಲ್ಲ. ರಾತ್ರಿ ಉಣ್ಣಲಿಲ್ಲ. “ನನ್ನ ಕೈಲೆ ಆಗೂದಲ್ಲ ಬಿಡವ್ವಾ. ಅಪ್ಪನ ಕೈಲೆ ಹಾರತಿತ್ತು, ನನ್ನ ಕೈಲೆ ಸಾಯ್ತೈತಿ” ಅಂದ. ಆ ಮಾತು ಕೇಳಿ ನನಗೆ ನಿದ್ದೆ ಬರಲಿಲ್ಲ. ಸೋದರಿಯರೇ, ಇಂಜಿನ್ನು ಕೆಟ್ಟರೆ ರಿಪೇರಿಯುಂಟು. ಹುಡುಗನಿಗೆ ‘ನಾನೇ ಕೆಟ್ಟವನು’ ಅನ್ನಿಸಿಬಿಟ್ಟರೆ ಅದಕ್ಕೆ ಎಲ್ಲಿಯ ರಿಪೇರಿ?

ಮರುದಿನ ಅವನು ಎದ್ದೇಳುವ ಮುಂಚೆ ನಾನು ಇಂಜಿನ್ನಿನ ಮುಂದೆ ಕೂತೆ. ನನ್ನ ತಲೆಯಲ್ಲಿ ನಮ್ಮ ಹಳೇ ಪಂಪ್ ಸ್ಟೋವು ಓಡುತ್ತಿತ್ತು. ಅದು ಭುಸ್ಸೆಂದು ಉರಿಯುತ್ತಿದ್ದು ಒಮ್ಮೆಲೇ ಕುಂದಿದರೆ ನಾವೇನು ಮಾಡುತ್ತಿದ್ದೆವು? ಪಿನ್ನು ಹಾಕುತ್ತಿದ್ದೆವು. ಇಲ್ಲೂ ಕಸ ಸಿಕ್ಕಿರಬೇಕು ಎಂದು ಸೂಜಿ ಬಿಚ್ಚಿ, ಸ್ಟೋವಿನ ಪಿನ್ನು ತೂರಿಸಲು ಹೋದೆ. ಅಷ್ಟರಲ್ಲಿ ಮಗ ಎದ್ದು ಬಂದು, “ಅವ್ವಾ, ಪಿನ್ನ ಹಾಕಬ್ಯಾಡ, ತೂತು ದೊಡ್ಡದಾಗ್ತೈತಿ!” ಎಂದು ಕೂಗಿದ. ಆಮೇಲೆ ಇಬ್ಬರೂ ಸೇರಿ ಅದನ್ನು ಸ್ಪಿರಿಟ್ಟಿನಿಂದ ತೊಳೆದೆವು. ಒಂದು ಕಣ ಕಸವೂ ಬರಲಿಲ್ಲ. ನನ್ನ ಸ್ಟೋವಿನ ಪಾಂಡಿತ್ಯ ಅಲ್ಲಿಗೆ ಮುಗಿಯಿತು. ಆದರೆ ಒಂದು ಲಾಭವಾಯಿತು: ಅವನು ನನ್ನ ಪಕ್ಕದಲ್ಲಿ ಕೂತಿದ್ದ.

ಹಾಲಿನ ಲೆಕ್ಕ ಬರೆಯುವ ನೋಟ್‌ಬುಕ್ಕಿನಲ್ಲಿ ಒಂದು ಹಾಳೆ ತೆಗೆದು ಬರೆಯತೊಡಗಿದೆವು. ಏನು ಏನು ಕೆಟ್ಟಿರಬಹುದು? ಒಂದು ಸಲಕ್ಕೆ ಒಂದೇ ನೋಡುವುದು, ನೋಡಿದ್ದಕ್ಕೆ ಗೀಟು ಹಾಕುವುದು ಎಂದು ನೇಮ ಮಾಡಿದೆವು. ಸಾರು ಕೆಟ್ಟಾಗ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಸುರಿದರೆ ಯಾವುದರಿಂದ ಏನಾಯಿತೆಂದು ಯಾರಿಗೆ ತಿಳಿಯುತ್ತದೆ?

ಮೊದಲು ಪ್ಲಗ್ಗು. ಹಳೆಯದಾದರೆ ಬ್ಯಾಟರಿ ತೆಗೆದ ಕೂಡಲೇ ಇಂಜಿನ್ನು ಸೊರಗುತ್ತದೆ. ನಮ್ಮದು ಸೊರಗುತ್ತಿರಲಿಲ್ಲ, ಆದರೂ ಹೊಸದು ಹಾಕಿದೆವು. ಗೀಟು. ಆಮೇಲೆ ಕಾವು. ಮೂಗಿನೊಳಗೆ ಗಾಳಿ ಹೋಗುವ ದಾರಿ ಇದ್ದರೆ ಸಾಲದು, ಬಿಸಿಗಾಳಿ ಹೊರಬರುವ ದಾರಿ ಇನ್ನೂ ದೊಡ್ಡದಿರಬೇಕಂತೆ, ಇತ್ತು. ಗೀಟು. ಇಂಧನ. ಮೆಥನಾಲ್ ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ, ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಉಪ್ಪಿನ ಭರಣಿಯ ಹಾಗೆ. ಹೊಸ ಡಬ್ಬಿ ತಂದೆವು. ಗೀಟು. ಹೊಗೆಕೊಳವೆಯಿಂದ ಟಾಕಿಗೆ ಒತ್ತಡ ಕೊಡುವ ಸಣ್ಣ ಪೈಪು ಕಳಚಿರಲಿಲ್ಲ. ಗೀಟು. ಟಾಕಿಯ ಎತ್ತರ ಸೂಜಿಯ ಮಟ್ಟಕ್ಕೆ ಸರಿಯಿತ್ತು. ನಡುಗಿ ಬುರುಗು ಏಳಬಾರದೆಂದು ಸುತ್ತಲೂ ಸ್ಪಂಜು ಇಟ್ಟಿದ್ದ. ಹೊರಗಿನ ಪೈಪುಗಳನ್ನು ಬಿಚ್ಚಿ, ಒಂದು ತುದಿ ಬೆರಳಿನಿಂದ ಮುಚ್ಚಿ, ನೀರಿನ ಬೋಗುಣಿಯಲ್ಲಿ ಮುಳುಗಿಸಿ ಊದಿದೆವು, ಸೈಕಲ್ ಟ್ಯೂಬಿನ ಪಂಕ್ಚರ್ ನೋಡುವಂತೆ. ಗುಳ್ಳೆ ಬರಲಿಲ್ಲ. ಗೀಟು, ಗೀಟು, ಗೀಟು. ಹಾಳೆ ತುಂಬಿತು, ರೋಗ ಸಿಗಲಿಲ್ಲ.

ಆ ವಾರ ಬಬಲೇಶ್ವರದಲ್ಲಿ ಸಂಬಂಧಿಕರ ಮನೆಯ ಸೀಮಂತಕ್ಕೆ ಹೋಗಬೇಕಾಯಿತು. ಬಜಾರಿನಲ್ಲಿ ಔಷಧ ಹೊಡೆಯುವ ಪಂಪು ರಿಪೇರಿಯ ಒಂದು ಅಂಗಡಿ ಕಣ್ಣಿಗೆ ಬಿತ್ತು. ದ್ರಾಕ್ಷಿ ಬೆಳೆಯುವ ಸೀಮೆಯಲ್ಲಿ ಆ ಅಂಗಡಿಗೆ ಡಾಕ್ಟರ ದವಾಖಾನೆಯಷ್ಟೇ ಗಿರಾಕಿ. ಬೆನ್ನಿಗೆ ಹಾಕಿಕೊಳ್ಳುವ ಅಂಥ ಪಂಪುಗಳಲ್ಲೂ ಟೂ-ಸ್ಟ್ರೋಕ್ ಇಂಜಿನ್ನೇ ಇರುತ್ತದೆ. ನಾಚಿಕೆ ಬಿಟ್ಟು ಮೇಸ್ತ್ರಿಯವರನ್ನು ಕೇಳಿದೆ. ವಯಸ್ಸಾದವರು, ಕೈ ಒರೆಸಿಕೊಳ್ಳುತ್ತ ಪೂರಾ ಕೇಳಿದರು. ನಗಲಿಲ್ಲ.

“ಅಕ್ಕಾರ, ಸಾಯೂ ಮುಂದ ಹೆಂಗ ಸಪ್ಪಳ ಮಾಡತೈತಿ? ಕೆಮ್ಮತೈತೋ, ಕೂಗತೈತೋ?”

“ಕೂಗತೈತ್ರಿ. ಸಣ್ಣಗ ಕಿರ್ರ್ ಅಂತ ಏರಿ ನಿಂದರತೈತಿ.”

“ಹಂಗಾರ ಎಣ್ಣಿ ಹೆಚ್ಚಾಗಿಲ್ಲ, ಗಾಳಿ ಎಳಕೊಳ್ಳಾಕತ್ತೈತಿ. ಎಣ್ಣಿ ಹೆಚ್ಚಾದ್ರ ಕೆಮ್ಮಿ ಸಾಯ್ತೈತಿ, ಗಾಳಿ ಹೆಚ್ಚಾದ್ರ ಕೂಗಿ ಸಾಯ್ತೈತಿ. ಎಲ್ಲಿ ಸಾಯ್ತೈತಿ? ನೆಲದ ಮ್ಯಾಲೋ, ಏರೂ ಮುಂದೋ?”

“ಏರೂ ಮುಂದ. ನೆಲದ ಮ್ಯಾಲೆ ಛಲೋ ಓಡತೈತ್ರಿ.”

“ಪಂಪ್ ಬೆನ್ನಿಗೆ ಹಾಕ್ಕೊಂಡಾವ ಬಗ್ಗಿದಾಗ ಇಂಜಿನ್ ಬಂದಾದ್ರ ನಾ ಇಂಜಿನ್ ಮುಟ್ಟೂದಿಲ್ಲ ಅಕ್ಕಾರ. ಟಾಕಿ ಒಳಗಿನ ಪೈಪ್ ನೋಡ್ತೀನಿ. ನೀವು ಟಾಕಿ ಬಿಚ್ಚೀರೇನು?”

ನಾನು ಮಗನ ಮುಖ ನೋಡಿದೆ. ಅವನು ನೆಲ ನೋಡಿದ.

ಟಾಕಿ ನಾವು ಬಿಚ್ಚಿರಲಿಲ್ಲ. ನಮ್ಮ ಹಾಳೆಯಲ್ಲಿ ಅದರ ಹೆಸರೇ ಇರಲಿಲ್ಲ. ಬಸ್ಸಿನಲ್ಲಿ ಬರುವಾಗ ಕೇಳಿದೆ, ಯಾಕೆ ಬಿಚ್ಚಲಿಲ್ಲಪ್ಪಾ ಎಂದು. ಬಹಳ ಹೊತ್ತಿನ ಮೇಲೆ ಹೇಳಿದ: “ಅದಕ್ಕ ಅಪ್ಪ ಪಟ್ಟಿ ಹಚ್ಯಾರ. ಅವರ ಅಕ್ಷರ ಐತಿ ಅದರ ಮ್ಯಾಲ. ಬಿಚ್ಚಿದ್ರ ಹರೀತೈತಿ.”

ಕಿಟಕಿಯಿಂದ ಹೊರಗೆ ನೋಡುತ್ತ ಕೂತೆ. ಗೋಳಗುಮ್ಮಟದ ಗುಮ್ಮಟ ದೂರದಲ್ಲಿ ಕಾಣತೊಡಗಿತ್ತು. ನಾನಾದರೂ ಏನು ಬೇರೆ ಮಾಡಿದ್ದೆ? ಅವರ ಕಪಾಟು ಮೂರು ವರ್ಷದಿಂದ ಮುಚ್ಚಿಯೇ ಇತ್ತು. ಅವರ ಅಂಗಿಗಳು ಮಡಿಕೆಯಲ್ಲೇ ಹಳದಿಯಾಗಿರಬೇಕು. ಅವರ ಹೆಸರೆತ್ತಿದರೆ ಮಗ ನೊಂದುಕೊಂಡಾನು ಎಂದು ನಾನು ಎತ್ತುತ್ತಿರಲಿಲ್ಲ. ನಾನು ನೊಂದುಕೊಂಡೇನು ಎಂದು ಅವನು ಎತ್ತುತ್ತಿರಲಿಲ್ಲ. ಇಬ್ಬರೂ ಪಟ್ಟಿ ಅಂಟಿಸಿಕೊಂಡು ಕೂತಿದ್ದೆವು.

ಆ ರಾತ್ರಿ ಊಟವಾದ ಮೇಲೆ ಮಗನಿಗೆ ಹೇಳಿದೆ: “ಅಪ್ಪ ಇದ್ದಿದ್ರ ಇಷ್ಟೊತ್ತಿಗೆ ಏನ ಮಾಡತಿದ್ರು?” ಅವನು ಸುಮ್ಮನಿದ್ದು, “ಮೊದಲ ಅದನ್ನ ಬಿಚ್ಚತಿದ್ರು” ಅಂದ. ಚಹಾದ ಪಾತ್ರೆಯ ಹಬೆಗೆ ಪಟ್ಟಿಯನ್ನು ಹಿಡಿದು, ಅಂಟು ಮೆದುವಾದ ಮೇಲೆ ನಾನೇ ಮೆಲ್ಲಗೆ ಎಬ್ಬಿಸಿದೆ. (ಟಾಕಿಯನ್ನು ಮೊದಲೇ ತೊಳೆದು ಒಣಗಿಸಿದ್ದೆವು, ಒಲೆಯ ಉರಿಯನ್ನೂ ಆರಿಸಿದ್ದೆ. ಮೆಥನಾಲ್ ಮುಟ್ಟಿದ ಯಾವುದನ್ನೂ ಉರಿಯ ಹತ್ತಿರ ತರಬೇಡಿ.) ಪಟ್ಟಿ ಹರಿಯಲಿಲ್ಲ. ಅದನ್ನು ನೋಟ್‌ಬುಕ್ಕಿನ ಮೊದಲನೇ ಹಾಳೆಗೆ ಅಂಟಿಸಿದೆ. ಇಂದೂ ಅಲ್ಲಿಯೇ ಇದೆ.

ಟಾಕಿಯ ಬಿರಡೆ ಎಳೆದರೆ ಅದರ ಜೊತೆ ಒಳಗಿನ ಪೈಪೂ ಬಂತು. ಬಿರಡೆಯಲ್ಲಿ ಹಿತ್ತಾಳೆಯ ಸಣ್ಣ ನಳಿಕೆ. ಅದಕ್ಕೆ ಸೇರಿಸಿದ ಮೆತ್ತನೆಯ ಪೈಪು. ಪೈಪಿನ ತುದಿಗೊಂದು ಲೋಹದ ಗುಂಡು. ವಿಮಾನ ಹೇಗೆ ಹೊರಳಿದರೂ ಎಣ್ಣೆ ಎತ್ತ ಹೋಗುತ್ತದೋ ಗುಂಡು ಅತ್ತ ಹೋಗಿ ಹೀರುತ್ತದೆ. ಎಷ್ಟು ಚೆಂದದ ಉಪಾಯ! ಗುಂಡಿನ ತೂತು ಬೆರಳಿನಿಂದ ಮುಚ್ಚಿ, ಎಲ್ಲವನ್ನೂ ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಈಚೆ ತುದಿಯಿಂದ ಊದಲು ಹೇಳಿದೆ. ಮಗ ಊದಿದ. ಹಿತ್ತಾಳೆ ನಳಿಕೆಗೆ ಪೈಪು ಕೂಡುವ ಜಾಗದಿಂದ ಸಾಸಿವೆಯಂಥ ಗುಳ್ಳೆಗಳು ಒಂದರ ಹಿಂದೊಂದು ಸಾಲಾಗಿ ಎದ್ದವು. ಇಪ್ಪತ್ತಾರು ವರ್ಷದ ಪೈಪು ಬಿರುಸಾಗಿ, ಅಲ್ಲಿ ಉಗುರಿನ ಗೀರಿನಷ್ಟು ಸೀಳಿತ್ತು.

ಆಗ ಎಲ್ಲ ಬಿಡಿಸಿಕೊಂಡಿತು. ಸೀಳು ಇದ್ದದ್ದು ಟಾಕಿಯ ಮುಂದಿನ ತುದಿಯಲ್ಲಿ. ವಿಮಾನ ನೆಲದ ಮೇಲೆ ಸಮನಾಗಿ ನಿಂತಾಗ, ಟಾಕಿ ತುಂಬಿದ್ದಾಗ, ಸೀಳು ಎಣ್ಣೆಯಲ್ಲಿ ಮುಳುಗಿರುತ್ತಿತ್ತು. ಅದು ಹೀರಿದರೂ ಎಣ್ಣೆಯನ್ನೇ ಹೀರುತ್ತಿತ್ತು. ನಾವು ನೆಲದ ಮೇಲೆ ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಿ ನೋಡಿದ್ದೂ ಇಲ್ಲ. ವಿಮಾನ ಮೂಗೆತ್ತಿ ಏರಿದಾಗ ಎಣ್ಣೆಯೆಲ್ಲ ಹಿಂದಕ್ಕೆ ಸರಿದು, ಮುಂದೆ ಗಾಳಿ ನಿಂತು, ಸೀಳು ಗಾಳಿಯನ್ನು ಎಳೆದುಕೊಳ್ಳುತ್ತಿತ್ತು. ಅದಕ್ಕೇ ಆ ಕೂಗು, ಅದಕ್ಕೇ ಸಾವು. ಸೂಜಿಯನ್ನು ಎಷ್ಟು ಸಡಿಲಿಸಿದರೇನು, ದಾರಿಯಲ್ಲೇ ಗಾಳಿ ಸೇರುತ್ತಿರುವಾಗ!

“ಅವ್ವಾ, ನನ್ನ ಕೈ ಕೆಟ್ಟಿರಲಿಲ್ಲ” ಅಂದ ಮಗ. ಆಮೇಲೆ ಅತ್ತ. ಮೂರು ವರ್ಷದ ಅಳು ಅದು. ಅತ್ತೆಯವರು ಎದ್ದು ಬಂದು ಏನಾಯಿತೆಂದು ಕೇಳಲಿಲ್ಲ. ಬೋಗುಣಿಯನ್ನು ಪಕ್ಕಕ್ಕೆ ಸರಿಸಿ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡರು.

ಹೊಸ ಪೈಪಿಗೆ ಕೆಲವೇ ರೂಪಾಯಿ ಸಾಕಾಯಿತು. ಈ ಸಲ ನೆಲದ ಮೇಲೇ ಪೂರಾ ಪರೀಕ್ಷೆ ಮಾಡಿದೆವು. ಅಣ್ಣ ಹಿಂದಿನಿಂದ ವಿಮಾನವನ್ನು ಗಟ್ಟಿಯಾಗಿ ಹಿಡಿದು ಮೂಗನ್ನು ಮುಗಿಲಿಗೆ ಎತ್ತಿದ; ಮಗ ಪಂಖದ ಹಿಂದಿನಿಂದ ಕೈ ಚಾಚಿ ಸೂಜಿ ತಿರುಗಿಸಿದ. ಮೂಗೆತ್ತಿದಾಗ ಸಪ್ಪಳ ತುಸು ಏರಬೇಕು, ಆದರೆ ಸೊರಗಬಾರದು. ಅಲ್ಲಿಂದ ಇನ್ನೆರಡು ಕಟ್ಟು ಸಡಿಲ ಬಿಡಬೇಕು. ಮೇಲೆ ಹೋದ ಮೇಲೆ ಪಂಖದ ಭಾರ ಇಳಿದು ಇಂಜಿನ್ನು ಇನ್ನೂ ಜೋರಾಗಿ ತಿರುಗಿ ಹೆಚ್ಚು ಎಣ್ಣೆ ಕೇಳುತ್ತದೆ. ಆ ಹೆಚ್ಚಿನದನ್ನು ನೆಲದ ಮೇಲೇ ಲೆಕ್ಕ ಹಿಡಿದಿರಬೇಕು. ಟಾಕಿ ಅರ್ಧವಾಗುವವರೆಗೂ ಓಡಿಸಿದೆವು. ನಿಲ್ಲಲಿಲ್ಲ.

ಇನ್ನೊಂದು ಪಾಠವನ್ನು ಮಗ ಪುಸ್ತಕ ಓದಿ ಕಲಿತ. 1903ರ ಡಿಸೆಂಬರ್ 14ರಂದು ರೈಟ್ ಸೋದರರ ಮೊದಲನೇ ಯತ್ನದಲ್ಲಿ ವಿಲ್ಬರ್ ರೈಟ್ ಮೂಗನ್ನು ವಿಪರೀತ ಎತ್ತಿದ್ದರಿಂದಲೇ ವಿಮಾನ ಮೂರೂವರೆ ಸೆಕೆಂಡಿನಲ್ಲಿ ಕೆಳಗೆ ಬಿತ್ತಂತೆ. ರಿಪೇರಿ ಮಾಡಿ, 17ರಂದು ಆರ್ವಿಲ್ ಹನ್ನೆರಡು ಸೆಕೆಂಡು, 120 ಅಡಿ ಹಾರಿದರು. ಇಂಜಿನ್ನು ನಿಂತಾಗ ಮೂಗು ಎತ್ತುವುದು ಮನಸ್ಸಿನ ಸಹಜ ಗುಣ. ಬೀಳುವುದನ್ನು ತಡೆಯಬೇಕೆಂಬ ಆತುರ. ಆದರೆ ಆಗ ಮೂಗನ್ನು ತುಸು ತಗ್ಗಿಸಬೇಕು. ತಗ್ಗಿಸಿದರೆ ವೇಗ ಉಳಿಯುತ್ತದೆ. ವೇಗ ಉಳಿದರೆ ರೆಕ್ಕೆ ಹೊತ್ತುಕೊಳ್ಳುತ್ತದೆ.

ಯುಗಾದಿಯ ಹಿಂದಿನ ರವಿವಾರ ಮತ್ತೆ ತಿಕೋಟಾಕ್ಕೆ ಹೋದೆವು. ಈ ಸಲ ಅತ್ತೆಯವರೂ ಬಂದರು, ಬುತ್ತಿ ಕಟ್ಟಿಕೊಂಡು. ವಿಮಾನ ಏರಿತು. ನಾನು ಮನಸ್ಸಿನಲ್ಲೇ ಎಣಿಸಿದೆ: ಇಪ್ಪತ್ತು, ಮೂವತ್ತು, ನಲವತ್ತು. ಸಪ್ಪಳ ನಿಲ್ಲಲಿಲ್ಲ. ದ್ರಾಕ್ಷಿ ತೋಟದ ಆಚೆಗೆ ತಿರುಗಿ, ಬಾವಿಯ ಮೇಲೆ ಹಾದು, ನಮ್ಮ ತಲೆಯ ಮೇಲೆ ಬಂತು. ಅತ್ತೆಯವರು ಸೆರಗನ್ನು ಹಣೆಗೆ ಅಡ್ಡ ಹಿಡಿದು ನೋಡುತ್ತ, “ಹಿಂಗೇ ಕುಣಸತಿದ್ದ ನೋಡು ಅವನೂ” ಅಂದರು. ಮಗ ಕೇಳಿಸಿಕೊಂಡ. ಕೈ ನಡುಗಲಿಲ್ಲ.

ಒಂಬತ್ತು ನಿಮಿಷದ ಸುಮಾರಿಗೆ ಸಪ್ಪಳ ಕೂಗಿ ನಿಂತಿತು. ನನ್ನ ಎದೆ ಧಸಕ್ಕೆಂದಿತು. ಮಗ ಮಾತ್ರ, “ಎಣ್ಣಿ ಮುಗೀತು” ಎಂದು ಮೂಗು ತಗ್ಗಿಸಿ, ಗಾಳಿಗೆ ಎದುರಾಗಿ ತಿರುಗಿಸಿ, ಜೋಳದ ಕೂಳೆಯ ಹೊಲದಲ್ಲಿ ಹದ್ದಿನ ಹಾಗೆ ಸದ್ದಿಲ್ಲದೆ ಇಳಿಸಿದ. ಕಾಲು ಲೀಟರಿನ ಟಾಕಿ ಅಷ್ಟೇ ಹೊತ್ತು ಬರುವುದು. ಮೌನಕ್ಕೂ ಮೌನಕ್ಕೂ ವ್ಯತ್ಯಾಸವಿದೆಯೆಂದು ನನಗೆ ಅಂದು ತಿಳಿಯಿತು.

ಯುಗಾದಿಯ ದಿನ ನಾನು ಅವರ ಕಪಾಟು ತೆಗೆದೆ. ಎರಡು ಅಂಗಿ ಮಗನಿಗೆ ಸರಿಯಾದವು.

ನಿಮ್ಮ ಮನೆಯ ಮಕ್ಕಳಿಗೂ ಇಂಥ ಹುಚ್ಚು ಇದ್ದೀತು. ನಮ್ಮ ಹಾಲಿನ ನೋಟ್‌ಬುಕ್ಕಿನ ಹಾಳೆಯನ್ನು ಅವರಿಗಾಗಿ ಇಲ್ಲಿ ಇಳಿಸಿದ್ದೇನೆ.

ಇಂಜಿನ್ನು ಮೇಲೆ ಹೋಗಿ ನಿಂತರೆ

1. ಸಪ್ಪಳ ನೆನಪಿಡಿ. ಕೂಗಿ ನಿಂತರೆ ಎಣ್ಣೆ ಕಡಿಮೆ ಅಥವಾ ಗಾಳಿ ಸೇರಿದೆ. ಕೆಮ್ಮಿ, ಗೊಗ್ಗರಾಗಿ, ಹೊಗೆಯಾಡಿ ನಿಂತರೆ ಎಣ್ಣೆ ಹೆಚ್ಚು.

2. ಮೂಗೆತ್ತಿದಾಗ ಮಾತ್ರ ನಿಂತರೆ ಮೊದಲು ಟಾಕಿಯ ಒಳಗಿನ ಪೈಪು ಮತ್ತು ಗುಂಡು ನೋಡಿ. ವಿಮಾನ ಮೂಗು ಬಡಿದು ಇಳಿದಿದ್ದರೆ ಗುಂಡು ಮುಂದಕ್ಕೆ ಬಂದು ಸಿಕ್ಕಿರಲೂಬಹುದು.

3. ಬ್ಯಾಟರಿ ತೆಗೆದ ಕೂಡಲೇ ಸೊರಗಿದರೆ ಪ್ಲಗ್ಗು ಬದಲಿಸಿ.

4. ಪೈಪಿನಲ್ಲಿ ಗುಳ್ಳೆ ಕಂಡರೆ ಎಲ್ಲೋ ತೂತಿದೆ, ಇಲ್ಲವೇ ನಡುಕಕ್ಕೆ ಎಣ್ಣೆ ಬುರುಗೆದ್ದಿದೆ. ಟಾಕಿಯ ಸುತ್ತ ಸ್ಪಂಜು ಇರಲಿ.

5. ಕೆಲವು ನಿಮಿಷ ಚೆನ್ನಾಗಿ ಓಡಿ, ಕಾದು ನಿಂತರೆ ಬಿಸಿಗಾಳಿ ಹೊರಹೋಗುವ ದಾರಿ ನೋಡಿ. ಹೊಸ ಇಂಜಿನ್ನನ್ನು ಮೊದಮೊದಲು ಎಣ್ಣೆ ಹೆಚ್ಚು ಬಿಟ್ಟು ಮೆಲ್ಲಗೆ ಪಳಗಿಸಬೇಕು.

6. ವರ್ಷಗಟ್ಟಲೆ ಇಟ್ಟ ಇಂಜಿನ್ನಿನಲ್ಲಿ ಔಡಲೆಣ್ಣೆ ಅಂಟಾಗಿ ಗಟ್ಟಿಯಾಗಿರುತ್ತದೆ. ಬಲದಿಂದ ತಿರುಗಿಸಬೇಡಿ, ತುಸು ಬೆಚ್ಚಗೆ ಮಾಡಿ, ಸ್ಪಿರಿಟ್ಟಿನಲ್ಲಿ ನೆನೆಸಿ ಬಿಡಿಸಿ. ಬೆಚ್ಚಗೆ ಮಾಡುವ ಕೆಲಸ ಮುಗಿದು, ಉರಿ ದೂರವಾದ ಮೇಲೆಯೇ ಸ್ಪಿರಿಟ್ಟಿನ ಡಬ್ಬಿ ತೆಗೆಯಿರಿ.

7. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಡಿ.

ಇನ್ನು ತಾಯಂದಿರಿಗೆ. ಮೆಥನಾಲ್ ವಿಷ, ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋದೀತು, ಜೀವ ಹೋದೀತು. ನೀರಿನ ಬಾಟಲಿಯಲ್ಲಿ, ಶರಬತ್ತಿನ ಬಾಟಲಿಯಲ್ಲಿ ಎಂದೂ ಇಡಬೇಡಿ. ಹೆಸರು ಬರೆದ ಡಬ್ಬಿಯಲ್ಲಿ, ಕೀಲಿ ಹಾಕಿದ ಕಡೆ, ಅಡಿಗೆಮನೆಯಿಂದ ದೂರ ಇಡಿ. ಅದರ ಉರಿ ಬಿಸಿಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ ಎಂಬುದು ನೆನಪಿರಲಿ. ತಿರುಗುವ ಪಂಖ ಬೆರಳು ಕತ್ತರಿಸುವಂಥದು. ಚಾಲೂ ಮಾಡಲು ಬೆರಳಲ್ಲ, ಕಟ್ಟಿಗೆಯ ಕೋಲು ಬಳಸಲಿ. ಪಂಖದ ಎದುರು, ಮಗ್ಗುಲಿಗೆ ಯಾರೂ ನಿಲ್ಲಬಾರದು; ಸೆರಗನ್ನು ಬಿಗಿದು ಸಿಕ್ಕಿಸಿಕೊಳ್ಳಿ. ಜನ, ತಂತಿ, ರಸ್ತೆ ಇಲ್ಲದ ಬಯಲು ಬೇಕು. 2021ರ ಡ್ರೋನ್ ನಿಯಮಗಳಲ್ಲಿ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಹಂಚಿದ್ದಾರೆ. ಹಾರಿಸುವ ಮುಂಚೆ ನಿಮ್ಮ ಜಾಗ ಯಾವ ವಲಯದ್ದೆಂದು ವಿಚಾರಿಸಿಕೊಳ್ಳಿ.

ಹಾಂ, ಮರೆತಿದ್ದೆ. ಪಡಕಕ್ಕೆ ಬಿದ್ದು ದ್ರಾಕ್ಷಿ ಉದುರಿಸಿದ್ದೆವಲ್ಲ, ಆ ತೋಟದವರಿಗೆ ಯುಗಾದಿಯ ಹೋಳಿಗೆ ಕೊಟ್ಟು ಬಂದೆವು. “ಇನ್ನೊಮ್ಮೆ ಹಾರಸೂ ಮುಂದ ನಮ್ಮ ಹುಡುಗರ್ನೂ ಕರೀರಿ” ಅಂದರು ಅವರ ಮನೆಯವರು.